ಹಿತ್ತಿಲಿಗೆ ಮಳೆಯೇ ಪಂಚಾಂಗ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಿತ್ತಿಲು ಸೊರಗುವುದಕ್ಕೆ ಹೆಚ್ಚಿನ ಸಲ ಕಾಲ ತಪ್ಪಿದ ಆರೈಕೆಯೇ ಕಾರಣ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಷ್ಟು ನೀರು ಮುರಕಲ್ಲಿನ ಮಣ್ಣಿನ ಸಾರವನ್ನೂ ಕಡಲಂಚಿನ ಮರಳಿನ ಸಾರವನ್ನೂ ತೊಳೆದೊಯ್ದು ನೆಲವನ್ನು ಹುಳಿಯಾಗಿಸುತ್ತದೆ. ಅದೇ ನೆಲ ಮಾರ್ಚ್ ಹೊತ್ತಿಗೆ ನೀರಿಗೆ ಬಾಯಿಬಿಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ನೀರನ್ನು ಸಾಗಹಾಕುವುದು, ಉಳಿದ ಕಾಲ ಹಿಡಿದಿಡುವುದು, ಈ ಎರಡೇ ಇಲ್ಲಿನ ಹಿತ್ತಿಲ ಕೆಲಸದ ಸೂತ್ರ.

ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂಡೆಯ ಬೀಜವನ್ನು ಮೇ ಕೊನೆಯೊಳಗೆ ಹಾಕಿದರೆ ಜಡಿಮಳೆ ಹಿಡಿಯುವ ಮೊದಲೇ ಗಿಡ ಬೇರೂರುತ್ತದೆ. ಸಾಲು ಏರಿಸಿ, ಬದಿಗೆ ಕಣಿ ತೋಡಬೇಕು. ಗೊಬ್ಬರವನ್ನು ಒಮ್ಮೆಲೇ ಸುರಿದರೆ ಕಣಿಯ ಪಾಲಾಗುತ್ತದೆ. ಹೊಳವಾದ ದಿನ ನೋಡಿ ಹಿಡಿಹಿಡಿಯಾಗಿ ಕೊಡುವುದೇ ಲೇಸು. ಹಿರಿಯರು ಸುಡುಮಣ್ಣು, ಬೂದಿ ಹಾಕುತ್ತಿದ್ದುದರಲ್ಲಿ ಅರ್ಥವಿದೆ: ಬೂದಿ ಮಣ್ಣಿನ ಹುಳಿ ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಹರಿವೆ, ಬದನೆ, ಮೆಣಸು, ಟೊಮೆಟೊಗಳಿಗೆ ಮಳೆ ಹಿಂದೆ ಸರಿಯುವ ಅಕ್ಟೋಬರ್-ನವೆಂಬರ್ ಹೇಳಿ ಮಾಡಿಸಿದ ಕಾಲ. ಬಸಳೆಗೂ ಅದೇ ಹೊತ್ತು: ಬಲಿತ ಬಳ್ಳಿಯನ್ನು ಗೇಣುದ್ದ ತುಂಡರಿಸಿ, ಎರಡು ಗಂಟು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಊರಿ, ಚಿಗುರು ಏಳುವಷ್ಟರಲ್ಲಿ ಚಪ್ಪರ ಕಟ್ಟಬೇಕು. ಫೆಬ್ರವರಿಯಿಂದ ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಹೊದೆಸಿದರೆ ಬಾವಿಯ ನೀರು ಉಳಿಯುತ್ತದೆ. ಗುಡಿಸಿದ ತರಗೆಲೆಗೆ ಅಂಗಳದಲ್ಲೇ ಬೆಂಕಿ ಕೊಡುವವರು ಬೇಸಿಗೆಯ ಹೊದಿಕೆಯನ್ನೂ ಮುಂದಿನ ವರ್ಷದ ಗೊಬ್ಬರವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಗ್ರೋ ಬ್ಯಾಗ್, ನೆರಳುಬಲೆ ಇರುವಾಗ ಕಾಲದ ಹಂಗೇಕೆ ಎಂದು ಕೇಳುವವರಿದ್ದಾರೆ. ತಾರಸಿಯಲ್ಲಿ ಅವು ಉಪಯುಕ್ತವೇ. ಆದರೆ ತಿಂಗಳುಗಟ್ಟಲೆ ಮೋಡ ಕವಿದಾಗ ಬಿಸಿಲನ್ನು ಚೀಲದಲ್ಲಿ ತುಂಬಿಸಲಾಗದು. ಕುಂದಾಪುರದ ಬಳಿಯ ಹೆಮ್ಮಾಡಿಯ ಸೇವಂತಿಗೆಯನ್ನೇ ನೋಡಿ. ರಾತ್ರಿ ದೀರ್ಘವಾಗುತ್ತಾ ಬಂದಾಗಲೇ ಮೊಗ್ಗು ಕಟ್ಟುವುದು ಸೇವಂತಿಗೆಯ ಸ್ವಭಾವ. ಅದಕ್ಕೆ ಹೊಂದಿಕೊಂಡು ಬೆಳೆದದ್ದರಿಂದಲೇ ಆ ಹೂವು ಮಕರ ಸಂಕ್ರಾಂತಿಗೆ, ಮಾರಣಕಟ್ಟೆ ಜಾತ್ರೆಯ ಹೊತ್ತಿಗೆ, ಅರಳಿ ನಿಲ್ಲುತ್ತದೆ. ಘಟ್ಟದ ಮೇಲಿನ ತರಕಾರಿ ಪೇಟೆಯಲ್ಲಿ ಸಿಗುವಾಗ ಈ ಶ್ರಮವೇಕೆ ಎಂಬ ಇನ್ನೊಂದು ಮಾತೂ ಇದೆ. ಹಿತ್ತಿಲು ಪೇಟೆಗೆ ಪರ್ಯಾಯವಾಗಬೇಕಿಲ್ಲ. ಬಸಳೆ, ಹರಿವೆ, ಕೆಸುವಿನಂಥ ಸೊಪ್ಪು ಕೊಯ್ದ ಗಳಿಗೆಯಲ್ಲೇ ಒಲೆ ಸೇರಿದಾಗಿನ ರುಚಿ ದೂರದಿಂದ ಬಂದ ಸೊಪ್ಪಿಗೆ ಇರದು. ಹಿತ್ತಿಲ ಸೊಪ್ಪಾದರೆ ಯಾವ ಔಷಧ ಸಿಂಪಡಿಸಿದ್ದಾರೋ ಎಂಬ ಅಳುಕೂ ಇರದು.

ಸಂಶಯ ಬಂದರೆ ದೂರ ಹೋಗಬೇಕಾಗಿಲ್ಲ. ಬ್ರಹ್ಮಾವರದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಗೊಬ್ಬರದ ಚೀಲ ಬಿಚ್ಚುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ, ಈ ಮಳೆಗಾಲಕ್ಕೆ ಮುನ್ನ ಕಣಿ ಬಿಡಿಸಿ. ಹಿತ್ತಿಲಿಗೆ ಮೊದಲು ಬೇಕಾದದ್ದು ಇವೆರಡೇ.