ಸಂಕಲ್ಪಕ್ಕೊಂದು ದೇಶಕಾಲ

ಕನ್ನಡದಲ್ಲಿ 'ಅಭ್ಯಾಸ' ಎಂಬ ಮಾತಿಗೆ ಎರಡು ಮುಖ. ಪರೀಕ್ಷೆ ಹತ್ತಿರ ಬಂದಾಗ ನಾವು ಮಾಡುವುದು (ಅಥವಾ ಮಾಡುತ್ತಿದ್ದೇವೆಂದು ಮನೆಯವರನ್ನು ನಂಬಿಸುವುದು) ಒಂದು ಅಭ್ಯಾಸ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕೈ ತಾನಾಗಿ ಮೊಬೈಲನ್ನು ತಡಕುತ್ತದಲ್ಲ, ಅದೂ ಅಭ್ಯಾಸವೇ. ಮೊದಲನೆಯದಕ್ಕೆ ಪ್ರತಿಸಲವೂ ಮನಸ್ಸನ್ನು ಎಳೆದು ತರಬೇಕು. ಎರಡನೆಯದಕ್ಕೆ ಮನಸ್ಸು ಬೇಕಾಗಿಯೇ ಇಲ್ಲ. ಇವೆರಡರ ನಡುವೆ ಇನ್ನೊಂದು ಜಾತಿ ಇದೆ. ಶುರುವಿನಲ್ಲಿ ಮನಸ್ಸಿಟ್ಟು ಮಾಡಬೇಕು, ಆಮೇಲೆ ತನ್ನಷ್ಟಕ್ಕೆ ನಡೆದುಕೊಂಡು ಹೋಗುತ್ತದೆ. ಅದನ್ನು ರೂಢಿ ಎಂದು ಕರೆಯೋಣ. ಸಂಪಾದಕರು ಕೊಟ್ಟ ಎರಡು ಪುಟದಲ್ಲಿ ನಾನು ಹೇಳಹೊರಟಿರುವುದು ಅಂಥ ಚಿಕ್ಕಪುಟ್ಟ ರೂಢಿಗಳ ವಿಷಯ.

ಗಾಬರಿಯಾಗಬೇಡಿ ಗೆಳೆಯರೇ, ಬೆಳಗಿನ ನಾಲ್ಕಕ್ಕೆ ಏಳಿ, ತಣ್ಣೀರು ಸುರಿದುಕೊಳ್ಳಿ ಎಂದು ಉಪದೇಶ ಮಾಡುವವಳು ನಾನಲ್ಲ. ಡೊಂಬಿವಿಲಿಯಿಂದ ಮಾಟುಂಗಾಕ್ಕೆ ದಿನಾ ಸ್ಲೋ ಲೋಕಲಿನಲ್ಲಿ ಬಂದು ಹೋಗುವವಳಿಗೆ ತಪಸ್ಸು ಅಷ್ಟು ಸಾಕು. ನನ್ನ ತಕರಾರು ಬೇರೆ. 'ಹೋದ ಮಂಗಳವಾರ ಏನು ಮಾಡಿದಿರಿ?' ಎಂದು ಯಾರಾದರೂ ಕೇಳಲಿ ನೋಡೋಣ. ಕಾಲೇಜು, ರೈಲು, ಊಟ, ನಿದ್ದೆ. ಸೋಮವಾರವೂ ಅದೇ, ಬುಧವಾರವೂ ಅದೇ. ಇಪ್ಪತ್ತು ವಯಸ್ಸಿನಲ್ಲೇ ದಿನಗಳು ಹೀಗೆ ಒಂದಕ್ಕೊಂದು ಅಂಟಿಕೊಂಡರೆ ನಲವತ್ತರಲ್ಲಿ ಗತಿ ಏನು? ದಿನಕ್ಕೆ ಹತ್ತು ನಿಮಿಷವಾದರೂ ಇದು ನನ್ನದು ಎಂದು ಬೇರೆ ತೆಗೆದಿಡಬೇಕು ಎನ್ನಿಸುವುದು ಆಗಲೇ.

ಹಾಗೆನ್ನಿಸಿದಾಗ ನಾವು ಸಾಮಾನ್ಯವಾಗಿ ಏನು ಮಾಡ್ತೀವಿ? ಹೊಸ ವರ್ಷಕ್ಕೋ ಯುಗಾದಿಗೋ ಒಂದು ಸಂಕಲ್ಪ ಮಾಡ್ತೀವಿ. 'ಈ ವರ್ಷ ಚೆನ್ನಾಗಿ ಓದುತ್ತೇನೆ.' 'ಆರೋಗ್ಯ ನೋಡಿಕೊಳ್ಳುತ್ತೇನೆ.' ಇದಕ್ಕೆ ಸಂಕಲ್ಪವೆಂಬ ಹೆಸರು ಸಲ್ಲದು ಎಂದು ನನ್ನ ವಾದ. ಮನೆಯಲ್ಲಿ ಪೂಜೆಗೆ ಬರುವ ಭಟ್ಟರು ಸಂಕಲ್ಪ ಹೇಳಿಸುವುದನ್ನು ಕೇಳಿದ್ದೀರಷ್ಟೆ. ಜಂಬೂದ್ವೀಪದಿಂದ ಹಿಡಿದು ನಾವು ಕೂತ ಜಾಗದ ತನಕ ದೇಶ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ಕಾಲ. ಆಮೇಲೆ ಮಾಡುವವನ ಗೋತ್ರ, ಹೆಸರು. ಇಷ್ಟೆಲ್ಲ ಆದ ಮೇಲೆ ಕಡೆಯಲ್ಲಿ, ಇಂಥ ಕೆಲಸ ಮಾಡುತ್ತೇನೆ ಎಂಬ ಒಂದೇ ಕ್ರಿಯಾಪದ. ದೇವರ ಮೇಲೆ ನಂಬಿಕೆ ಇರಲಿ ಬಿಡಲಿ, ಆ ವಾಕ್ಯದ ಕಟ್ಟಡ ನೋಡಿ. ಎಲ್ಲಿ, ಯಾವಾಗ, ಯಾರು, ಏನು: ನಾಲ್ಕೂ ಇವೆ. ನಮ್ಮ ಹೊಸ ವರ್ಷದ ಸಂಕಲ್ಪದಲ್ಲಿ ಕ್ರಿಯಾಪದವೊಂದನ್ನು ಬಿಟ್ಟರೆ ಏನೂ ಇಲ್ಲ!

ಇದು ನನ್ನ ತಲೆಹರಟೆಯೇನಲ್ಲ. ಪೀಟರ್ ಗೋಲ್‌ವಿಟ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1999ರ ತಮ್ಮ ಲೇಖನವೊಂದರಲ್ಲಿ ಇದನ್ನೇ ಶಾಸ್ತ್ರದ ಭಾಷೆಯಲ್ಲಿ ವಿವರಿಸಿದ್ದಾರೆ. ಬರಿದೇ ಗುರಿ ಇಟ್ಟುಕೊಂಡವರಿಗಿಂತ 'ಇಂಥದು ಆದಾಗ ಇಂಥದು ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು. ಕಾರಣವೂ ಸರಳ. ಆ ಹೊತ್ತು, ಆ ಜಾಗ ಕಣ್ಣಿಗೆ ಬಿದ್ದೊಡನೆ ಮಾಡಬೇಕಾದ್ದು ನೆನಪಿಗೆ ಬರುತ್ತದೆ. ಮಾಡಲೋ ಬೇಡವೋ ಎಂದು ತನ್ನೊಡನೆ ತಾನು ಜಗಳಾಡುವ ಪ್ರಮೇಯ ಕಮ್ಮಿ. ನಮ್ಮ ಸೋಲೆಲ್ಲ ಆ ಜಗಳದಲ್ಲಿ ತಾನೆ?

ಆದ್ದರಿಂದ ದಿನದಲ್ಲಿ ಆಗಲೇ ನೆಟ್ಟಿರುವ ಗೂಟಗಳು ಯಾವುವು ಎಂದು ಮೊದಲು ನೋಡಿಕೊಳ್ಳಬೇಕು. ಹಲ್ಲುಜ್ಜುವುದು, ರೈಲು ಹತ್ತುವುದು, ತಟ್ಟೆ ತೊಳೆಯುವುದು, ದೀಪ ಆರಿಸುವುದು. ಹೊಸ ರೂಢಿಯನ್ನು ಅಂಥ ಗೂಟಕ್ಕೆ ಕಟ್ಟಿದರೆ ನಿಲ್ಲುತ್ತದೆ, ಗಾಳಿಯಲ್ಲಿ ಕಟ್ಟಿದರೆ ನಿಲ್ಲುವುದಿಲ್ಲ. ಮೊಬೈಲಿನ ಅಲಾರಾಂ ಗೂಟವಲ್ಲ. ಬಡಿದುಕೊಂಡಾಗ ಅದರ ಬಾಯಿ ಮುಚ್ಚಿಸುವುದೇ ಒಂದು ರೂಢಿಯಾಗಿಬಿಡುತ್ತದೆ, ಅಷ್ಟೆ.

ಎಷ್ಟು ದಿನ ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. '21 ದಿನ' ಎಂದು ಎಲ್ಲರೂ ಉತ್ತರವನ್ನೂ ಕೊಡುತ್ತಾರೆ. ಈ ಇಪ್ಪತ್ತೊಂದರ ಮೂಲ ತಮಾಷೆಯಾಗಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೆ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಕಂಡಿದ್ದರು. ಮೂಗಿನ ಲೆಕ್ಕ ಹೋಗಿ ಓದಿನ ಲೆಕ್ಕವಾಯಿತು, 'ಕಡಿಮೆಯೆಂದರೆ' ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು ಇದನ್ನು ಸರಿಯಾಗಿ ಅಳೆದು ನೋಡಿದರು. ಅವರ ವರದಿ ಅಚ್ಚಾದದ್ದು 2010ರಲ್ಲಿ. 96 ಜನ, 12 ವಾರ. ತಿಂಡಿಯಾದ ಮೇಲೆ ಒಂದು ಲೋಟ ನೀರು ಕುಡಿಯುವುದು, ಊಟದ ಜೊತೆ ಒಂದು ಹಣ್ಣು ತಿನ್ನುವುದು, ಇಂಥ ಒಂದೊಂದು ರೂಢಿಯನ್ನು ಅವರವರೇ ಆರಿಸಿಕೊಂಡರು. ಅದು ತಾನಾಗಿ ನಡೆಯುವ ಹಂತ ಮುಟ್ಟಲು ಬೇಕಾದ ದಿನಗಳ ನಡುಮಧ್ಯದ ಅಂಕೆ 66. ಬೇಗ ಮುಟ್ಟಿದವರಿಗೆ 18, ನಿಧಾನದವರಿಗೆ ಲೆಕ್ಕದ ಪ್ರಕಾರ 254. ನೀರು ಕುಡಿಯುವುದು ಬೇಗ ಕೂತಿತು, ವ್ಯಾಯಾಮ ತಡವಾಯಿತು.

ಈ ವರದಿಯಲ್ಲಿ ನನಗೆ ತೀರ ಇಷ್ಟವಾದ ಸಂಗತಿ ಇನ್ನೊಂದು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಕಾಣಲಿಲ್ಲವಂತೆ. ವಿಲಿಯಂ ಜೇಮ್ಸ್ 1890ರ ತನ್ನ ದೊಡ್ಡ ಮನಶ್ಶಾಸ್ತ್ರ ಗ್ರಂಥದಲ್ಲಿ ಅಭ್ಯಾಸಕ್ಕೆಂದೇ ಒಂದು ಅಧ್ಯಾಯ ಇಟ್ಟು, ಬೇರೂರುವ ತನಕ ಒಂದು ಸಲವೂ ತಪ್ಪಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ. ಜೇಮ್ಸ್ ದೊಡ್ಡವನು, ನಿಜ. ಆದರೆ ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತು ಕುರ್ಲಾದಲ್ಲಿ ಎರಡು ತಾಸು ನಿಂತವರಿಗೆ ಲಂಡನ್ನಿನವರ ಮಾತೇ ಹೆಚ್ಚು ಸಮಾಧಾನ ಕೊಡುತ್ತದೆ. ಇನ್ನು ಬೆಂಜಮಿನ್ ಫ್ರಾಂಕ್ಲಿನ್‌ನದು ಬೇರೆಯೇ ಕತೆ. ಹದಿಮೂರು ಸದ್ಗುಣಗಳ ಪಟ್ಟಿ ಬರೆದು, ವಾರಕ್ಕೊಂದರ ಮೇಲೆ ಕಣ್ಣಿಟ್ಟು, ತಪ್ಪಿದಾಗೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ವಸ್ತುಗಳನ್ನು ಅವುಗಳ ಜಾಗದಲ್ಲಿಡುವ ಅಚ್ಚುಕಟ್ಟುತನ ಮಾತ್ರ ಕಡೆಯವರೆಗೂ ಕೈಗೆ ಸಿಗಲಿಲ್ಲ ಎಂದು ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಹದಿಮೂರು ಜಾಸ್ತಿಯಾಯಿತೆಂದೇ ನನ್ನ ತೀರ್ಪು. ಮೂರು ಸಾಕು.

ನನ್ನ ಮೂರರಲ್ಲಿ ಮೊದಲನೆಯದು ರೈಲಿನಲ್ಲಿದೆ. ರೂಢಿಯಿಂದ ಬದುಕು ಹೇಗೆ ಹಗುರಾಗುತ್ತದೆಂದು ಕಲಿಯಲು ನಮ್ಮ ಲೋಕಲಿಗಿಂತ ದೊಡ್ಡ ಶಾಲೆ ಇಲ್ಲ. ದಿನಾ ಅದೇ ಗಾಡಿ, ಅದೇ ಡಬ್ಬಿ ಹಿಡಿಯುವವರು ಎಷ್ಟು ಜನ! ಪಕ್ಕದ ಡಬ್ಬಿಯಲ್ಲಿ ಭಜನಾ ಮಂಡಳಿಯವರ ತಾಳ ಕೇಳುತ್ತದೆ. ಸಂಜೆ ಲೇಡೀಸ್ ಡಬ್ಬಿಯಲ್ಲಿ ಆಫೀಸು ಮುಗಿಸಿದ ಮಾವಶಿಯರು ತೊಡೆಯ ಮೇಲೆ ಚೀಲ ಹರಡಿಕೊಂಡು ಮೆಂತ್ಯ ಸೋಸುತ್ತ, ಅವರೆ ಸುಲಿಯುತ್ತ ಮನೆಕತೆ ಮಾತಾಡುತ್ತಾರೆ. ಇಳಿಯುವ ಹೊತ್ತಿಗೆ ಅಡುಗೆಯ ಅರ್ಧ ಕೆಲಸ ಮುಗಿದಿರುತ್ತದೆ. ದಸರೆ ಬಂದರೆ ಡಬ್ಬಿಗೇ ತೋರಣ. ಇವರಾರೂ ಗೋಲ್‌ವಿಟ್ಜರರನ್ನು ಓದಿದವರಲ್ಲ. ಸಿಗುವುದು ಈ ಗಾಡಿಯ ಹೊತ್ತೊಂದೇ ಎಂದು ತಿಳಿದವರು. ನಾನು ಅವರನ್ನು ನೋಡಿ ಮಾಡಿಕೊಂಡ ರೂಢಿ ಬಹಳ ಸಣ್ಣದು: ದಿವಾ ಸ್ಟೇಶನ್ ಬಂದಾಗ ಮೊಬೈಲು ಚೀಲದೊಳಕ್ಕೆ, ಕಳ್ವಾ ದಾಟಿದ ಮೇಲೆ ಬೇಕಾದರೆ ಹೊರಕ್ಕೆ. ಅಷ್ಟು ಹೊತ್ತು ಹೊರಗೆ ನೋಡುವುದು. ಕಿಟಕಿ ಸಿಗುವುದು ಜನ್ಮಾಂತರದ ಪುಣ್ಯ; ಸಿಕ್ಕಿದರೆ ಚೌಥಿ ಸೀಟು, ಇಲ್ಲದಿದ್ದರೆ ನಿಂತಲ್ಲಿಂದಲೇ ಜನರ ತಲೆಗಳ ಸಂದಿಯಲ್ಲಿ ನೋಡಬೇಕು. ಮುಂಬ್ರಾದಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿ. ಏಪ್ರಿಲಿನಲ್ಲಿ ಸುಟ್ಟ ರೊಟ್ಟಿಯಂತಿರುವ ಆ ಗುಡ್ಡ ಜುಲೈ ಬಂತೆಂದರೆ ಹಸಿರಾಗಿ, ಮೈಮೇಲಿಂದ ಬಿಳಿಯ ನೀರು ಇಳಿಸುತ್ತದೆ. ಇದನ್ನು ನೋಡಲು ಜನ ದುಡ್ಡು ಕೊಟ್ಟು ಲೋಣಾವಳಕ್ಕೆ ಹೋಗುತ್ತಾರೆ. ನಮಗೆ ಪಾಸಿನಲ್ಲೇ ಬಂತು.

ಎರಡನೆಯದು ಐದು ಸಾಲು. ರಾತ್ರಿ ತಟ್ಟೆ ತೊಳೆದ ಮೇಲೆ, ಹಾಸಿಗೆ ಬಿಡಿಸುವ ಮೊದಲು, ಅಡುಗೆಮನೆಯಲ್ಲೇ ಕೂತು ಕನ್ನಡದಲ್ಲಿ ಐದು ಸಾಲು ಬರೆಯುವುದು. ನಮ್ಮಲ್ಲಿ ಬಹಳಷ್ಟು ಜನ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಶಾಲೆ ಕಲಿತವರು. ಕನ್ನಡ ಮನೆಯ ಮಾತು; ಅದೂ ಉಪ್ಪು, ಹುಳಿ, 'ಬಾಗಿಲು ಹಾಕು', 'ಎಷ್ಟೊತ್ತಿಗೆ ಬರ್ತೀ' ಇಷ್ಟಕ್ಕೆ ಬಂದು ನಿಂತಿದೆ. ಹಾಗಾಗಿ ದಿನಚರಿಗೆ ನಾನು ಇಟ್ಟುಕೊಂಡ ಕಟ್ಟಳೆ ಒಂದೇ: ಮನಸ್ಸಿನ ಸ್ಥಿತಿಗತಿ ಬರೆಯಬಾರದು, ಕಂಡದ್ದು ಕೇಳಿದ್ದು ಬರೆಯಬೇಕು. 'ಬೇಜಾರಾಯಿತು' ಎಂದರೆ ಒಂದು ಸಾಲಿಗೆ ಮುಗಿಯಿತು. 'ಮಾಟುಂಗಾದ ಹೂವಿನಂಗಡಿಯಾಕೆ ಮೊಳ ಅಳೆಯುವಾಗ ನನ್ನ ಕೈ ನೋಡಿ ನಕ್ಕಳು' ಎಂದರೆ ಆ ದಿನ ಮತ್ತೊಂದು ದಿನದ ಹಾಗೆ ಇಲ್ಲ. ಒತ್ತಕ್ಷರ, ಮಹಾಪ್ರಾಣಗಳ ಚಿಂತೆ ಬೇಡ, ತಪ್ಪು ತಿದ್ದುವ ಮೇಷ್ಟರು ಅಲ್ಲಿಲ್ಲ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಮನೆಯಲ್ಲಿ ಕೇಳಿದ ಹೊಸ ಮಾತುಗಳನ್ನು ಬರೆದಿಡುತ್ತೇನೆ. ನಮ್ಮದು ಸಿದ್ದಾಪುರದ ಕಡೆ. ಅಲ್ಲಿಂದ ಯಾರಾದರೂ ಬಂದರೆ ಅಮ್ಮ ನೀರು ತಂದಿಟ್ಟು, 'ಆಸರಿಗೆ ಎಂತ ಕೊಡಲಿ?' ಎನ್ನುತ್ತಾಳೆ. ಕುಡಿಯಲು ಏನು ಬೇಕು ಎಂದರ್ಥ. ನಮ್ಮಂಥವರ ಹತ್ತಿರ ಅಮ್ಮ 'ಚಾಯ್ ಬೇಕಾ' ಎನ್ನುತ್ತಾಳೆ. ಈ ವ್ಯತ್ಯಾಸ ನನ್ನ ಕಿವಿಗೆ ಬಿದ್ದದ್ದೇ ಪುಸ್ತಕ ಇಟ್ಟ ಮೇಲೆ.

ಮೂರನೆಯದು ಭಾನುವಾರದ ಕಾರ್ಡು. ಈ ದೇಶದಲ್ಲಿ ಅಂಚೆ ಕಾರ್ಡು ಶುರುವಾದದ್ದು 1879ರಲ್ಲಿ, ಕಾಲಾಣೆಗೆ. ನಾನು ಕೊಳ್ಳುವ ಕಾರ್ಡಿಗೆ 50 ಪೈಸೆ. ಎಂಟಾಣೆ ನಾಣ್ಯ ಯಾರಲ್ಲೂ ಇಲ್ಲದ್ದರಿಂದ ಕೌಂಟರಿನವರು ಎರಡು ಕೊಟ್ಟೇ ಕಳಿಸುತ್ತಾರೆ. ಊರಿನಲ್ಲಿ ನನ್ನ ಅಜ್ಜಿಗೆ ಎಂಬತ್ತನಾಲ್ಕು. ಕಣ್ಣು ಚುರುಕು, ಕಿವಿ ಮಂದ. ಫೋನಿನಲ್ಲಿ ನಮ್ಮ ಮಾತು 'ಊಟ ಆಯ್ತಾ' ಎಂದು ನಾಲ್ಕು ಸಲ ಕೂಗುವಲ್ಲಿಗೆ ಮುಗಿಯುತ್ತಿತ್ತು. ಕೂಗಿದ್ದು ಕೇಳದೆ ಆಕೆ ಸುಮ್ಮನೆ 'ಹ್ಞೂಂ' ಎನ್ನುವುದು ಮನಸ್ಸಿಗೆ ಕಷ್ಟವಾಗುತ್ತಿತ್ತು. ಈಗ ಭಾನುವಾರ ತಿಂಡಿಯಾದ ಮೇಲೆ, ತಟ್ಟೆ ತೆಗೆಯುವ ಮೊದಲೇ, ಒಂದು ಕಾರ್ಡು. ವಾರದ ಐದೈದು ಸಾಲುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ಬರೆಯುವುದಷ್ಟೇ, ಹೊಸದಾಗಿ ಯೋಚಿಸಬೇಕಾಗಿಲ್ಲ. ಹೀಗೆ ಒಂದು ರೂಢಿ ಇನ್ನೊಂದಕ್ಕೆ ಗೂಟವಾಯಿತು.

ಅಜ್ಜಿಯೂ ಬರೆಯುತ್ತಾಳೆ. 'ಚಿ. ಕೂಸಿಗೆ ಅಜ್ಜಿಯ ಆಶೀರ್ವಾದಗಳು' ಎಂದು ಗ್ರಂಥದ ಭಾಷೆಯಲ್ಲಿ ಆರಂಭಿಸಿ ಮೂರನೇ ಸಾಲಿಗೆ ಊರ ಮಾತಿಗೆ ಇಳಿದುಬಿಡುತ್ತಾಳೆ. ಒಮ್ಮೆ 'ಕೊಟ್ಟೆ ಕಟ್ಟುವುದು' ಎಂದರೇನೆಂದು ಕೇಳಿದ್ದೆ. ಮಳೆಗೆ ಅಡಿಕೆ ಕೊನೆ ಕೊಳೆಯದಿರಲೆಂದು ಮರ ಹತ್ತಿ ಒಂದೊಂದು ಕೊನೆಗೂ ಹೊದಿಕೆ ಕಟ್ಟುತ್ತಿದ್ದರಂತೆ. ಕೊಳೆರೋಗಕ್ಕೆ ಈಗ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನಮ್ಮ ತೋಟ ನೋಡುವವರೂ ಬೇರೆ. ಆ ಕೆಲಸದ ಮಾತುಗಳನ್ನು ಬಲ್ಲವರು ನಮ್ಮ ಮನೆಯಲ್ಲಿ ಆಕೆ ಒಬ್ಬಳೇ ಉಳಿದಿರುವುದು. ಕಾರ್ಡಿನಲ್ಲಿ ಜಾಗ ಸಾಲದೆ ವಿಳಾಸದ ಪಕ್ಕದಲ್ಲೂ ಅಡ್ಡಡ್ಡ ಬರೆದಿದ್ದಳು. ಎಲ್ಲವೂ ನನ್ನ ಪುಸ್ತಕದ ಹಿಂದಿನ ಪುಟಗಳಿಗೆ ಸೇರಿವೆ.

ಕಳೆದ ವಾರದ ಕಾರ್ಡಿನಲ್ಲಿ ಪ್ರಶ್ನೆ ಆಕೆಯದು. 'ಕೂಸೇ, ನೀನು ಬರೆದ ಚೌಥಿ ಸೀಟು ಎಂತದು? ಮೂರು ಜನರ ಜಾಗದಲ್ಲಿ ನಾಲ್ಕನೆಯವಳು ಕೂತರೆ ಅವಳ ಅರ್ಧ ಮೈ ಎಲ್ಲಿರುತ್ತದೆ?' ಇದಕ್ಕೆ ಚಿತ್ರ ಬರೆದೇ ಉತ್ತರಿಸಬೇಕು. ಈ ಸಲ ಎರಡನೆಯ ಕಾರ್ಡೂ ಖರ್ಚಾಗುವ ಹಾಗೆ ಕಾಣುತ್ತದೆ.