ಎತ್ತರ ಬೆಳೆಯಲು ಪುಡಿ ಬೇಕೇ?

“ಡಾಕ್ಟರ್ ಸಾಬ್, ಇವನು ಓರಗೆಯವರಿಗಿಂತ ಗಿಡ್ಡ. ಎತ್ತರ ಬೆಳೆಯುವ ಪುಡಿ ಏನಾದರೂ ಕೊಡಿ.” ಹಳಿಯಾಳ, ದಾಂಡೇಲಿ ಕಡೆಯ ತಾಯಂದಿರು ಹೀಗೆ ಕೇಳುತ್ತಲೇ ಇರುತ್ತಾರೆ. ದುಬಾರಿ ಡಬ್ಬಿಗಳನ್ನು ತಿಂಗಳುಗಟ್ಟಲೆ ತಿನ್ನಿಸಿ ಬೇಸತ್ತು ಬಂದವರೂ ಇದ್ದಾರೆ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಬಿಡುತ್ತದೆ, ಹೆಚ್ಚಾಗಿ ರಾತ್ರಿಯ ಗಾಢ ನಿದ್ದೆಯಲ್ಲಿ. ಅದರ ಹುಕುಂ ತಲುಪಿದಾಗ ಜಿಗರ್, ಅಂದರೆ ಯಕೃತ್ತು, ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ತಯಾರಿಸುತ್ತದೆ. ಎಲುಬಿನ ತುದಿಗಳೂ ತಮ್ಮ ಮಟ್ಟಿಗೆ ಸ್ವಲ್ಪ ತಯಾರಿಸಿಕೊಳ್ಳುತ್ತವೆ. ಇವೆಲ್ಲ ಬಹುಮಟ್ಟಿಗೆ ಇಲಿಗಳಿಂದ ತಿಳಿದದ್ದು. 1982ರಲ್ಲಿ ಅಮೆರಿಕದ ವಿಜ್ಞಾನಿಗಳು ದೊಡ್ಡ ಜಾತಿಯ ಇಲಿಯ ಬೆಳವಣಿಗೆ ಹಾರ್ಮೋನಿನ ಜೀನನ್ನು ಚಿಕ್ಕ ಇಲಿಯ ಭ್ರೂಣಕ್ಕೆ ಸೇರಿಸಿದಾಗ, ಹುಟ್ಟಿದ ಕೆಲವು ಮರಿಗಳು ಒಡಹುಟ್ಟಿದವುಗಳ ಸುಮಾರು ಎರಡರಷ್ಟು ತೂಕಕ್ಕೆ ಬೆಳೆದವು. 1999ರಲ್ಲಿ ಯಕೃತ್ತಿನಲ್ಲಿ ಮಾತ್ರ ಐಜಿಎಫ್-1 ತಯಾರಾಗದಂತೆ ಮಾಡಿದರು. ರಕ್ತದಲ್ಲಿ ಅದು ಕಾಲು ಭಾಗಕ್ಕೆ ಇಳಿದರೂ ಇಲಿಗಳು ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆದವು!

ಐಜಿಎಫ್-1 ರಕ್ತದಲ್ಲಿ ಒಂಟಿಯಾಗಿ ತಿರುಗಿದರೆ ಕೆಲವೇ ನಿಮಿಷ ಉಳಿಯುತ್ತದೆ. ಆದ್ದರಿಂದ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿವೆ. ಮೂರನೇ ನಂಬರಿನದು ಜೊತೆಗೂಡಿದರೆ ಅದು ಗಂಟೆಗಟ್ಟಲೆ ಬಾಳುತ್ತದೆ. ಬೆಳವಣಿಗೆಯ ಹಾರ್ಮೋನು ಈ ಪ್ರೋಟೀನನ್ನೂ ಹೆಚ್ಚಿಸುತ್ತದೆ. ಒಂದನೇ ನಂಬರಿನದರ ಸ್ವಭಾವವೇ ಬೇರೆ. ಉಂಡಾಗ ಇನ್ಸುಲಿನ್ ಏರಿ ಅದನ್ನು ತಗ್ಗಿಸುತ್ತದೆ. ಹಸಿದಾಗ ಅದು ಹೆಚ್ಚಿ ಐಜಿಎಫ್-1ನ್ನು ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ.

ದಿನವೂ ಅರೆಹೊಟ್ಟೆಯಲ್ಲಿರುವ ಮಗುವಿನಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗುವುದಿಲ್ಲ, ಎಷ್ಟೋ ಸಲ ಹೆಚ್ಚೇ ಇರುತ್ತದೆ. ಯಕೃತ್ತು ಮಾತ್ರ ಅದರ ಮಾತು ಕೇಳುವುದಿಲ್ಲ. ಆಹಾರವನ್ನು ದೇಹವಾಗಿಸುವ ಶಕ್ತಿಯೇ ಬೆಳೆಸುವ ಶಕ್ತಿಯ ಸೇವಕ ಎಂದು ನಮ್ಮ ಯುನಾನಿ ಗ್ರಂಥಗಳು ಹೇಳುವುದು ಇಲ್ಲಿ ನೆನಪಾಗುತ್ತದೆ.

ಜೋಯಿಡಾದ ಕಾಡುದಾರಿಯಲ್ಲಿ ಶಾಲೆಗೆ ನಡೆಯುವ ಮಗು ಬರೀ ಚಹಾ-ಬಿಸ್ಕತ್ತಿನಲ್ಲಿ ಹೊರಟರೆ ಯಾವ ಪುಡಿ ಏನು ಮಾಡೀತು? ರೊಟ್ಟಿ, ಬೇಳೆ, ಮೊಟ್ಟೆ, ಶೇಂಗಾ, ಹಾಲು, ರಾತ್ರಿ ಬೇಗ ನಿದ್ದೆ, ಇಷ್ಟು ಮೊದಲು ಆಗಲಿ. ಯುನಾನಿ ಹೆಸರಿನಲ್ಲಿ ಮಾರುತ್ತಿದ್ದರೂ ಒಳಗೇನಿದೆ ಎಂದು ಬರೆಯದ ಪುಡಿಯನ್ನು ಮುಟ್ಟಬೇಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಹಸಿವು ಹೆಚ್ಚಿ ಮುಖ ತುಂಬಿಕೊಳ್ಳುತ್ತದೆ, ಎತ್ತರ ನಿಂತುಹೋಗುತ್ತದೆ.

ಆರು ತಿಂಗಳಿಗೊಮ್ಮೆ ಮಗುವನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ನಾಲ್ಕು ವರ್ಷ ದಾಟಿದ, ಇನ್ನೂ ಪ್ರಾಯಕ್ಕೆ ಬಾರದ ಮಗು ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ ಮಕ್ಕಳ ತಜ್ಞರಲ್ಲಿ ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಮಾಡಿಸಿ. ತಡಮಾಡಬೇಡಿ. ಪ್ರಾಯ ಕಳೆದು ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಹಾರ್ಮೋನು ಚುಚ್ಚಿದರೂ ಎತ್ತರ ಬರುವುದಿಲ್ಲ.