ದಣಪೆ ದಾಟಿ ಅಂಗಳಕ್ಕೆ ಬಂದ ಕಾರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಊರೆಂದರೆ ಸಾಲುಮನೆಗಳಲ್ಲ. ಗುಡ್ಡದ ಮಗ್ಗುಲಲ್ಲಿ ಒಂದು ಮನೆ, ಕೆಳಗೆ ಅಡಿಕೆ ತೋಟ, ಅಲ್ಲಿಂದ ಟಾರು ರಸ್ತೆಯವರೆಗೆ ಮಣ್ಣಿನ ದಾರಿ. ಶಂಕರ್ ಕಂಪನಿಯ ಬಸ್ಸುಗಳು, ಅದು ನಿಂತ ಮೇಲೆ 1991ರಲ್ಲಿ ಕಾರ್ಮಿಕರೇ ಕೂಡಿ ಕಟ್ಟಿದ ಸಹಕಾರ ಸಾರಿಗೆ ಹಗಲಿನ ಓಡಾಟ ನೋಡಿಕೊಂಡವು. ನಡುರಾತ್ರಿ ಹೆರಿಗೆ ನೋವು ಬಂದರೆ ಮಾತ್ರ ಬಾಡಿಗೆ ಜೀಪೇ ಗತಿ.

ಆ ಕೊರತೆಯನ್ನು ನೀಗಿದ್ದು ಮಾರುತಿ 800. ಅದರ ಮೊದಲ ಕಾರಿನ ಕೀಲಿಯನ್ನು 1983ರ ಡಿಸೆಂಬರ್ 14ರಂದು ಕೊಟ್ಟವರು ಇಂದಿರಾ ಗಾಂಧಿ. ಅದಕ್ಕೆ ಐದು ವರ್ಷ ಹಿಂದೆ ನಮ್ಮದೇ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದವರು. ಕಾರಿನ ಬೆಲೆ ಆಗ 47,500 ರೂಪಾಯಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, 40ಕ್ಕೂ ಕಡಿಮೆ ಅಶ್ವಶಕ್ತಿ. ತೂಕ ಸುಮಾರು 650 ಕಿಲೋ.

ಮಲೆನಾಡಿನಲ್ಲಿ ಅದನ್ನು ಗೆಲ್ಲಿಸಿದ್ದು ಈ ಹಗುರವೇ ಎಂದು ನನ್ನ ನಂಬಿಕೆ. ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಚಡಾವು ಹತ್ತುವಾಗ ಭಾರ ಹಿಂದಕ್ಕೆ ವಾಲಿ, ಆಷಾಢದ ಕೆಸರಿನಲ್ಲಿ ಆ ಚಕ್ರಗಳು ಸುಮ್ಮನೆ ತಿರುಗುತ್ತವೆ. ಆಗ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದು. ಅದಕ್ಕೂ ಬಗ್ಗದಿದ್ದರೆ ತೋಟದಲ್ಲಿದ್ದ ನಾಲ್ಕು ಜನ ಬಂದು ತಳ್ಳಿದರೆ ಸಾಕು, ಹಗುರವಲ್ಲವೇ. ಡಿಸ್ಟ್ರಿಬ್ಯೂಟರಿಗೆ ನೀರು ಹೊಕ್ಕರೆ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿದರಾಯಿತು. 2010ರ ಏಪ್ರಿಲ್‌ನಲ್ಲಿ ಹೊಸ ಮಾಲಿನ್ಯ ನಿಯಮದಿಂದ ಬೆಂಗಳೂರಿನಲ್ಲಿ ಅದರ ಮಾರಾಟ ನಿಂತಿತು, ನಮ್ಮ ಕಡೆ ನಿಲ್ಲಲಿಲ್ಲ. ತಯಾರಿಕೆ ಕೊನೆಗೊಂಡದ್ದು 2014ರ ಜನವರಿಯಲ್ಲಿ. ಆದರೂ ಇಲ್ಲಿನ ಮನೆಗಳಲ್ಲಿ ಅದು ಉಳಿಯಿತು. ಈ ಮೂರು ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ತಿಂದಿದೆ. ಫಸಲು ಕೈಬಿಟ್ಟ ಮನೆಗಳಲ್ಲಿ ಹಳೆಯ ಕಾರನ್ನೇ ಉಳಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಹೋಲಿಕೆಗೆಂದು ಈ 800ರ ಪಕ್ಕಕ್ಕೆ ನಮ್ಮ ಬಿಡದಿಯಲ್ಲೇ 2020ರಿಂದ ತಯಾರಾದ ಲೆಕ್ಸಸ್ ಇಎಸ್ 300ಎಚ್ ನಿಲ್ಲಿಸೋಣ. ಬಂದಾಗಿನ ಬೆಲೆ ಸುಮಾರು 52 ಲಕ್ಷ. ಎರಡರ ಮೂಲವೂ ಜಪಾನು, ಎರಡನ್ನೂ ಎಳೆಯುವುದು ಮುಂದಿನ ಚಕ್ರಗಳೇ. ಆದರೆ 800ರ ಟೈರಿನ ಅಗಲ 145 ಮಿಲಿಮೀಟರ್, ಲೆಕ್ಸಸ್ಸಿನದು 235. ತೂಕ ಸುಮಾರು 1,700 ಕಿಲೋ. ಕೆಸರಲ್ಲಿ ಹೂತರೆ ನಾಲ್ಕು ಜನರಿಂದ ಏಳದು, ಟ್ರ್ಯಾಕ್ಟರ್ ಬೇಕು.

ಆದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಲೆಕ್ಕ ತಿರುಗುತ್ತದೆ. 800ರಲ್ಲಿ ಎರಡನೇ ಗೇರಿಗೆ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ಬರೀ ಬ್ರೇಕು ನಂಬಿದರೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ. ಹೈಬ್ರಿಡ್ ಲೆಕ್ಸಸ್ಸಿನಲ್ಲಿ ವಿದ್ಯುತ್ ಮೋಟಾರೇ ವೇಗ ತಡೆದು, ಇಳಿಜಾರಿನ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಹತ್ತು ಏರ್‌ಬ್ಯಾಗ್‌ಗಳಿವೆ, ಚಕ್ರ ಜಾರಿದರೆ ತಾನೇ ಸಾವರಿಸಿಕೊಳ್ಳುವ ವ್ಯವಸ್ಥೆಯಿದೆ. 800ರಲ್ಲಿ ಒಂದು ಏರ್‌ಬ್ಯಾಗೂ ಇಲ್ಲ. ಎಷ್ಟೇ ಪ್ರೀತಿಯಿದ್ದರೂ ಇದನ್ನು ಮುಚ್ಚಿಡಬಾರದು: ಅಪಘಾತವಾದರೆ ಆ ತೆಳು ತಗಡು ಒಳಗಿನವರನ್ನು ಕಾಯದು.

ಮನೆಯಲ್ಲಿ ಇನ್ನೂ 800 ಇಟ್ಟುಕೊಂಡವರಲ್ಲಿ ಒಂದು ಕೋರಿಕೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿ. ಮಳೆಗಾಲಕ್ಕೆ ಮುನ್ನ ಬ್ರೇಕ್ ಲೈನಿಂಗ್, ಟೈರು ನೋಡಿಸಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ತೋಟಕ್ಕೆ, ಪೇಟೆಗೆ ಅದರಲ್ಲೇ ಹೋಗಿಬನ್ನಿ. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ದಿನ ಮಾತ್ರ ನೆಂಟರ ಹೊಸ ಕಾರನ್ನು ಕೇಳಿ, ಸಂಕೋಚ ಬೇಡ.